ಚೀನಾದ ಮಣ್ಣಿನ ಕುದುರೆ, ಗೋವಾದ ಕಲ್ಲಿನ ಸವಾರ

ಪಣಜಿ: ಪ್ರಾಚೀನ ಚೀನಾದಲ್ಲಿ ಸಿರಿವಂತರು ಸತ್ತರೆ ಮಣ್ಣಿನ ಕುದುರೆ, ಸವಾರರನ್ನು ಸುಟ್ಟು ಮಾಡಿ ಗೋರಿಯೊಳಗೆ ಇಡುತ್ತಿದ್ದರು. ಪರಲೋಕದಲ್ಲಿ ಯಜಮಾನನಿಗೆ ಬೇಕಲ್ಲ! ತಾಂಗ್ ಅರಸರ ಕಾಲದಲ್ಲಿ (618-907) ಅವಕ್ಕೆ ಹಳದಿ, ಹಸಿರು, ಬಿಳಿ ಮೆರುಗು ಕೊಡುತ್ತಿದ್ದರು. ಬದುಕಿದ್ದವರು ಮತ್ತೆ ನೋಡಲೆಂದು ಮಾಡಿದ್ದಲ್ಲ ಅವು.

ಗೋವಾದಲ್ಲಿ ಅಂಥ ಗೋರಿಗಳಿಲ್ಲ. ಇಲ್ಲಿ ಕದಂಬರ ಕಾಲದ ಸವಾರ ನೆಲದ ಮೇಲೆಯೇ, ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ನಿಂತಿದ್ದಾನೆ. ಕನ್ನಡದ ವೀರಗಲ್ಲೇ ಮರಾಠಿಯ 'ವೀರಗಳ'. ಹಳೇ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯದಲ್ಲೂ ವೀರಗಲ್ಲುಗಳಿವೆ.

ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ತುದಿಯಲ್ಲಿ ಸೂರ್ಯ-ಚಂದ್ರ. ಕುದುರೆ ಮೇಲಿದ್ದವನೇ ಸತ್ತವನೆಂದು ತಿಳಿಯಬಾರದು, ಅವನು ಎದುರಾಳಿಯೂ ಇರಬಹುದು. ಅಪ್ಸರೆಯರ ನಡುವೆ ಇರುವವನೇ ವೀರ. ಬಳೆ ತೊಟ್ಟ ತೋಳು ಕಂಡರೆ ಅದು ಮಾಸ್ತಿಕಲ್ಲು.

ಎಷ್ಟೋ ಕಲ್ಲುಗಳಲ್ಲಿ ಅಕ್ಷರವೇ ಇಲ್ಲ. ಅಂಥದ್ದನ್ನು ಗದ್ದೆ ಬದುವಿನಿಂದ ಕಿತ್ತು ಮೆಟ್ಟಿಲಿಗೋ ಬಟ್ಟೆ ಒಗೆಯಲೋ ಹಾಕಿಕೊಂಡರೆ, ಯಾವ ಊರಿನ ಕಾಳಗವೆಂದು ತಿಳಿಯುವ ದಾರಿಯೂ ಹೋಯಿತು. ಗಡಿ ಹಳ್ಳಿಗಳಲ್ಲಿ ಇಂಥ ಕಲ್ಲು ಕಂಡವರು ಅದನ್ನು ಸರಿಸದೆ, ನಿಂತ ಜಾಗದಲ್ಲೇ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸುವುದು ಒಳ್ಳೆಯದು.