ಗರ್ಭಿಣಿಯ ಮನೆಯಲ್ಲಿ ಹೊಗೆಸೊಪ್ಪು
(ಜುಮಾ ಖುತ್ಬಾದ ಸಾರಾಂಶ)

ಗರ್ಭಿಣಿಯರ ಧೂಮಪಾನ, ಮದ್ಯಪಾನ ಎಂದೊಡನೆ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ನಮ್ಮವರಿಗೆ ಅನಿಸುವುದು ಸಹಜ. ಮದ್ಯದ ವಿಷಯದಲ್ಲಿ ಸೂರಾ ಅಲ್ ಮಾಇದಾದ 90ನೇ ಆಯತ್‌ನ ನಂತರ ಚರ್ಚೆಗೆ ಎಡೆಯೇ ಇಲ್ಲ. ಗರ್ಭಿಣಿಗೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ, ಅದು ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಆದರೆ ತಂಬಾಕು ಬೇರೆ ಬಾಗಿಲಿನಿಂದ ನಮ್ಮ ಮನೆಯೊಳಗೆ ಬಂದಿದೆ.

2016-17ರ ರಾಷ್ಟ್ರಮಟ್ಟದ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸೇದುವ ಮಹಿಳೆಯರು ಶೇ. 2 ಮಾತ್ರ. ಹೊಗೆಯಿಲ್ಲದ ತಂಬಾಕು ಬಳಸುವ ಮಹಿಳೆಯರು ಶೇ. 12.8. ಶ್ರೀಮಂತ ದೇಶಗಳಲ್ಲಿ ಸಿಗರೇಟಿನಿಂದ ಗರ್ಭಕ್ಕೆ ತಲುಪುವ ವಿಷ ನಮ್ಮಲ್ಲಿ ಎಲೆ-ಅಡಿಕೆಯ ಜೊತೆಗಿನ ಹೊಗೆಸೊಪ್ಪಿನಲ್ಲಿ, ಹಲ್ಲುಜ್ಜುವ ಮಿಶ್ರಿಯಲ್ಲಿ, ಗುಟ್ಕಾ ಪೊಟ್ಟಣದಲ್ಲಿ ಬರುತ್ತದೆ. ವಾಕರಿಕೆ ನಿಲ್ಲುತ್ತದೆಂದು ಹಿರಿಯರೇ ಸೊಸೆಗೆ ಮಡಚಿ ಕೊಡುವುದೂ ಉಂಟು. ಪ್ರೀತಿಯಿಂದಲೇ ಕೊಡುತ್ತಾರೆ, ಅದರಲ್ಲಿ ಅನುಮಾನವಿಲ್ಲ.

ಜಗಿದರೂ ಸೇದಿದರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಮಾಸನ್ನು ದಾಟಿ ಮಗುವನ್ನೂ ತಲುಪುತ್ತದೆ. ತಾಯಿಯಿಂದ ಮಗುವಿಗೆ ಹೋಗಬೇಕಾದ ಆಹಾರ, ಆಮ್ಲಜನಕ ಕಡಿಮೆಯಾಗುತ್ತದೆ. ಮುಂಬಯಿಯಲ್ಲಿ 1,217 ಮಹಿಳೆಯರನ್ನು ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸಿದ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಅವಧಿಗೆ ಮುನ್ನ ಹುಟ್ಟುವ ಅಪಾಯವೂ ಹೆಚ್ಚಿತ್ತು. ನೂರು ಗ್ರಾಂ ಏನು ಮಹಾ ಎನ್ನಬೇಡಿ. ರಕ್ತಹೀನತೆಯಿಂದ ಬಳಲುವ ಬಡ ತಾಯಿಯ ಮಗು ಮೊದಲೇ ಎರಡೂವರೆ ಕಿಲೋ ಗಡಿಯಲ್ಲಿರುತ್ತದೆ. ಅದರ ಕೆಳಗೆ ಇಳಿದರೆ ಸೋಂಕನ್ನೂ ಚಳಿಯನ್ನೂ ತಡೆಯುವ ಶಕ್ತಿ ಕುಂದುತ್ತದೆ.

ತಂಬಾಕು ಹರಾಮೋ ಮಕ್ರೂಹೋ ಎಂದು ನಮ್ಮನ್ನು ಕೇಳುವವರಿದ್ದಾರೆ. ವಿದ್ವಾಂಸರಲ್ಲಿ ಎರಡೂ ಅಭಿಪ್ರಾಯಗಳಿವೆ. ಗರ್ಭಿಣಿಯ ವಿಷಯದಲ್ಲಿ ಆ ಚರ್ಚೆಗೆ ಮುನ್ನ ರಮಝಾನನ್ನು ನೆನಪಿಸಿಕೊಳ್ಳೋಣ. ಉಪವಾಸ ಫರ್ಝ್. ಆದರೂ ತನಗೋ ಮಗುವಿಗೋ ತೊಂದರೆಯಾದೀತೆಂದು ಭಯಪಡುವ ಗರ್ಭಿಣಿಗೆ, ಹಾಲುಣಿಸುವ ತಾಯಿಗೆ ಅದನ್ನು ಆಗ ಬಿಡಲು ಶರೀಅತ್ ರಿಯಾಯಿತಿ ಕೊಟ್ಟಿದೆ. ಮಗುವಿಗಾಗಿ ಫರ್ಝನ್ನೇ ಮುಂದೂಡಲು ಬಿಟ್ಟ ದೀನ್, ಅದೇ ಮಗುವಿಗೆ ಹಾನಿ ಮಾಡುವ ಚಟಕ್ಕೆ ದಾರಿ ಬಿಟ್ಟೀತೇ?

ಇನ್ನು ಗಂಡಸರ ಮಾತು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಆ ವಾಸನೆಯಲ್ಲಿ ಮಸೀದಿಗೆ ಬರಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹಾಗಾಗಿ ಬೀಡಿ ಸೇದುವ ಸಹೋದರರು ಬಾಯಿ ಮುಕ್ಕಳಿಸಿ, ಲವಂಗ ಜಗಿದು ಸಫ್‌ನಲ್ಲಿ ನಿಲ್ಲುತ್ತಾರೆ. ಒಳ್ಳೆಯದೇ. ಪಕ್ಕದ ನಮಾಝಿಗೆ ಸಿಗುವ ಈ ಮರ್ಯಾದೆ ಮನೆಯಲ್ಲಿರುವ ಗರ್ಭಿಣಿ ಪತ್ನಿಗೆ ಯಾಕಿಲ್ಲ? ಗಂಡ ಒಳಗೆ ಕೂತು ಬಿಟ್ಟ ಹೊಗೆಯನ್ನು ಅವಳೂ ಉಸಿರಾಡುತ್ತಾಳೆ, ಅದರ ಪಾಲು ಮಗುವಿಗೂ ಹೋಗುತ್ತದೆ. ಕಿಟಕಿ ತೆರೆದರೆ ಸಾಲದು.

ಕರಾವಳಿಯ ನಮ್ಮ ಬೀಡಿ ಕಟ್ಟುವ ಸಹೋದರಿಯರ ವಿಷಯ ಇದಕ್ಕಿಂತ ಕಷ್ಟದ್ದು. ಅದು ಚಟವಲ್ಲ, ರಿಝ್ಕ್. ಆ ಸೂಪಿನ ಮೇಲೆಯೇ ಎಷ್ಟೋ ಮನೆಗಳ ಮಕ್ಕಳು ಶಾಲೆಗೆ ಹೋಗಿದ್ದಾರೆ. ‘ನಾಳೆಯಿಂದ ಬಿಡು’ ಎಂದು ಮಿಂಬರ್‌ನಿಂದ ಹೇಳಿ ಇಳಿದುಬಿಡುವುದು ಸುಲಭ. ಆದರೆ ತಂಬಾಕಿನ ಧೂಳು ಉಸಿರಿನೊಂದಿಗೆ ಒಳಹೋಗುತ್ತದೆ, ಚರ್ಮದ ಮೂಲಕವೂ ನಿಕೋಟಿನ್ ಸೇರುತ್ತದೆ. ಆದ್ದರಿಂದ ಗರ್ಭಿಣಿಯ ಪಾಲಿನ ಬೀಡಿಯನ್ನು ಆ ತಿಂಗಳುಗಳಲ್ಲಿ ಮನೆಯ ಬೇರೆಯವರು ಕಟ್ಟಲಿ, ಗಂಡನೇ ಕಟ್ಟಿದರೂ ಅವಮಾನವಿಲ್ಲ. ಅದೂ ಆಗದಿದ್ದರೆ ಹೊರಜಗಲಿಯಲ್ಲಿ ಗಾಳಿಗೆ ಕೂರಲಿ, ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯಲಿ. ಇಂಥ ಮನೆಗಳಿಗೆ ಕೆಲವು ತಿಂಗಳ ನೆರವನ್ನು ಝಕಾತ್‌ನಿಂದ ಕೊಡಬಹುದೇ ಎಂದು ಜಮಾಅತ್‌ಗಳು ಕುಳಿತು ಯೋಚಿಸಲಿ. ಅರ್ಹರು ನಮ್ಮ ಮೊಹಲ್ಲಾದಲ್ಲೇ ಇದ್ದಾರೆ.

ತಂಬಾಕು ಬಿಡಲು ನೆರವು ಬೇಕಾದವರು ಕೇಂದ್ರ ಸರಕಾರದ ಉಚಿತ ದೂರವಾಣಿ 1800112356ಕ್ಕೆ ಕರೆ ಮಾಡಬಹುದು. ಸಹೋದರಿಯರು ತಪಾಸಣೆಗೆ ಹೋದಾಗ ಹೊಗೆಸೊಪ್ಪಿನ ಅಭ್ಯಾಸವನ್ನು ವೈದ್ಯರಿಂದ ಮುಚ್ಚಿಡಬೇಡಿ. ಅತ್ತೆ ಜೊತೆಗಿದ್ದಾರೆಂದು ಹೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯ ಬಳಿಯಾದರೂ ಹೇಳಿ.