ನಾಲ್ಕು ದಶಕ ನಡೆದು ಬಂದ ಮಾತ್ರೆ

1950ರ ದಶಕದ ಕೊನೆಯ ಮಾತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪೀಟರ್ ನೊವೆಲ್ ಎಂಬ ಯುವ ರೋಗವಿಜ್ಞಾನಿ ರಕ್ತ ಕ್ಯಾನ್ಸರ್ ರೋಗಿಗಳ ಜೀವಕೋಶಗಳನ್ನು ಬೆಳೆಸಿ ನೋಡುತ್ತಿದ್ದರು. ಬಣ್ಣ ಹಾಕುವ ಮುಂಚೆ ಸ್ಲೈಡುಗಳನ್ನು ನಲ್ಲಿ ನೀರಿನಲ್ಲಿ ತೊಳೆದರು. ನೀರು ಒಳಗೆ ಇಳಿದು ಜೀವಕೋಶಗಳು ಉಬ್ಬಿದವು. ಒತ್ತೊತ್ತಾಗಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಕಣ್ಣಿಗೆ ಬಿದ್ದವು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬುದೇ ಖಚಿತವಾಗಿದ್ದು 1956ರಲ್ಲಿ. ಅವುಗಳನ್ನು ಓದಬಲ್ಲವರು ಆಗ ಎಲ್ಲೋ ಕೆಲವರು. ಅದೃಷ್ಟಕ್ಕೆ ಅದೇ ಫಿಲಡೆಲ್ಫಿಯಾದ ಇನ್ನೊಂದು ಸಂಸ್ಥೆಯಲ್ಲಿ ಡೇವಿಡ್ ಹಂಗರ್‌ಫರ್ಡ್ ಎಂಬ ಸಂಶೋಧನಾ ವಿದ್ಯಾರ್ಥಿ ಇದೇ ಕೆಲಸದಲ್ಲಿದ್ದರು. ಇಬ್ಬರೂ ಸೇರಿ ಸೂಕ್ಷ್ಮದರ್ಶಕದಡಿ ಕೂತಾಗ, ಒಂದು ಬಗೆಯ ರಕ್ತ ಕ್ಯಾನ್ಸರ್ ಇದ್ದವರಲ್ಲಿ ಮಾತ್ರ ಒಂದು ವರ್ಣತಂತು ತೀರಾ ಗಿಡ್ಡವಾಗಿರುವುದು ಕಂಡಿತು. 1960ರಲ್ಲಿ ಪ್ರಕಟವಾದ ಅವರ ವರದಿ ತುಂಬ ಚಿಕ್ಕದು. ಆ ಗಿಡ್ಡ ವರ್ಣತಂತುವಿಗೆ ಊರಿನ ಹೆಸರೇ ನಿಂತಿತು: ಫಿಲಡೆಲ್ಫಿಯಾ ಕ್ರೋಮೋಸೋಮ್.

ಆ ಕಾಯಿಲೆಯ ಪೂರ್ತಿ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ಆಸ್ಪತ್ರೆಗಳಲ್ಲಿ ಎಲ್ಲರೂ ಸಿಎಂಎಲ್ ಎಂದೇ ಕರೆಯುತ್ತಾರೆ. ಬಿಳಿ ರಕ್ತಕಣಗಳು ಅಳತೆ ಮೀರಿ ಹೆಚ್ಚುತ್ತವೆ, ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಳ್ಳುತ್ತದೆ, ಸುಸ್ತು, ರಾತ್ರಿ ಬೆವರು, ತೂಕ ಇಳಿಯುವುದು. ಮೊದಲ ಕೆಲವು ವರ್ಷ ನಿಧಾನವಾಗಿ ಸಾಗುವ ಕಾಯಿಲೆ ಒಂದು ದಿನ ಕೆರಳುತ್ತದೆ; ಆಮೇಲೆ ಉಳಿಯುವುದು ತಿಂಗಳುಗಳ ಲೆಕ್ಕ. ಹತ್ತೊಂಬತ್ತನೇ ಶತಮಾನದಲ್ಲಿ ಇದಕ್ಕೆ ಪಾಷಾಣದ ದ್ರಾವಣ ಕುಡಿಸುತ್ತಿದ್ದರು. ಆಮೇಲೆ ಬುಸಲ್ಫಾನ್, ಹೈಡ್ರಾಕ್ಸಿಯೂರಿಯಾ, ಇಂಟರ್‌ಫೆರಾನ್ ಚುಚ್ಚುಮದ್ದು ಬಂದವು. ಅಸ್ಥಿಮಜ್ಜೆ ಕಸಿ ಮಾಡಿದರೆ ಗುಣವಾಗುವ ಸಾಧ್ಯತೆ ಇತ್ತು, ಆದರೆ ಹೊಂದುವ ದಾನಿ ಬೇಕು, ಕಸಿಯಲ್ಲೇ ಜೀವ ಹೋಗುವ ಭಯ ಬೇರೆ.

ಗಿಡ್ಡ ವರ್ಣತಂತುವಿನ ಕಳೆದುಹೋದ ತುಂಡು ಎಲ್ಲಿಗೆ ಹೋಯಿತು? ಹದಿಮೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಉತ್ತರ ಕೊಟ್ಟವರು ಷಿಕಾಗೊದ ಜಾನೆಟ್ ರೌಲಿ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಗೌರವಕ್ಕೆ ಪಾತ್ರರಾದವರು ಈಕೆ. ನಾಲ್ವರು ಗಂಡುಮಕ್ಕಳ ತಾಯಿ. ಮಕ್ಕಳು ಚಿಕ್ಕವರಿದ್ದಷ್ಟು ಕಾಲವೂ ಅರೆಕಾಲಿಕ ವೈದ್ಯೆಯಾಗಿಯೇ ದುಡಿದರು. ವರ್ಣತಂತುಗಳ ಮೇಲೆ ಪಟ್ಟೆಗಳು ಮೂಡುವಂತೆ ಬಣ್ಣ ಹಾಕುವ ಹೊಸ ವಿಧಾನವನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದರು. ಫೋಟೊಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತಾ ಕೂತರೆ, ಅಮ್ಮ ಕಾಗದದ ಗೊಂಬೆ ಆಡುತ್ತಾಳೆ ಎಂದು ಮಕ್ಕಳು ನಗುತ್ತಿದ್ದರು. ಆ ಮೇಜಿನ ಮೇಲೆಯೇ ಅವರಿಗೆ ಹೊಳೆಯಿತು: 22ನೇ ವರ್ಣತಂತು ಕಳೆದುಕೊಂಡ ತುಂಡು ಎಲ್ಲೂ ಮಾಯವಾಗಿಲ್ಲ, 9ನೆಯದರ ತುದಿಗೆ ಅಂಟಿಕೊಂಡಿದೆ. ಎರಡೂ ತುಂಡು ಅದಲುಬದಲು ಮಾಡಿಕೊಂಡಿವೆ. 1973ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಕ್ಯಾನ್ಸರ್‌ಗೆ ಮೂಲ ವಂಶವಾಹಿಯಲ್ಲೇ ಇರಬಹುದು ಎಂಬುದನ್ನು ಅನೇಕ ವಿಜ್ಞಾನಿಗಳು ಆಗ ನಂಬಿರಲಿಲ್ಲ.

ಮುಂದಿನ ಹದಿನೈದು ವರ್ಷಗಳ ಕೆಲಸ ನೆದರ್‌ಲ್ಯಾಂಡ್ಸ್, ಅಮೆರಿಕದ ಹಲವು ಪ್ರಯೋಗಾಲಯಗಳಲ್ಲಿ ಹಂಚಿಹೋಗಿದೆ. ಸಾರಾಂಶ ಇಷ್ಟು: ತುಂಡು ಬದಲಾದ ಜಾಗದಲ್ಲಿ ಎರಡು ಜೀನ್‌ಗಳು ಕೂಡಿಕೊಂಡು ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟುತ್ತದೆ. ಅದು ತಯಾರಿಸುವುದು ಟೈರೊಸಿನ್ ಕೈನೇಸ್ ಎಂಬ ಜಾತಿಯ ಒಂದು ಕಿಣ್ವವನ್ನು. ಮಾಮೂಲಿ ಜೀವಕೋಶದಲ್ಲಿ ಇಂಥ ಕಿಣ್ವ ಬೇಕಾದಾಗ ಮಾತ್ರ ಕೆಲಸ ಮಾಡಿ ಸುಮ್ಮನಾಗುತ್ತದೆ. ಇದು ಮಾತ್ರ ಸ್ಟಾರ್ಟರ್ ಕೆಟ್ಟು ಆಫ್ ಆಗದೇ ಓಡುವ ಪಂಪ್‌ಸೆಟ್ಟಿನ ಹಾಗೆ, ‘ವಿಭಜನೆಯಾಗು’ ಎಂಬ ಸೂಚನೆಯನ್ನು ಹಗಲೂ ರಾತ್ರಿ ಕೊಡುತ್ತಲೇ ಇರುತ್ತದೆ. 1990ರಲ್ಲಿ ಈ ಒಂದೇ ಜೀನನ್ನು ಇಲಿಗಳ ಮಜ್ಜೆಗೆ ಸೇರಿಸಿದಾಗ ಅವುಗಳಿಗೂ ಸಿಎಂಎಲ್ ಬಂತು. ಕಾರಣ ಇದೇ ಎಂದು ಖಚಿತವಾಯಿತು.

ಕಾರಣ ಒಂದೇ ಕಿಣ್ವವಾದರೆ, ಅದೊಂದನ್ನೇ ತಡೆದರೆ ಸಾಲದೆ? ಕೇಳಲು ಸುಲಭ. ದೇಹದಲ್ಲಿ ಇಂಥ ಕೈನೇಸ್‌ಗಳು ನೂರಾರಿವೆ, ಎಲ್ಲವೂ ಒಂದೇ ಇಂಧನದಿಂದ ನಡೆಯುತ್ತವೆ. ಒಂದನ್ನು ತಡೆಯಲು ಹೋಗಿ ಹತ್ತನ್ನು ಕೆಡಿಸಿದರೆ ರೋಗಿ ಉಳಿಯುವುದಿಲ್ಲ ಎಂಬುದು ಅಂದಿನ ವಾದ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಕಂಪನಿಯಲ್ಲಿ ಅಲೆಕ್ಸ್ ಮ್ಯಾಟರ್, ನಿಕೊಲಸ್ ಲೈಡನ್ ಅವರ ತಂಡ ಆದರೂ ಹಟ ಹಿಡಿಯಿತು. ರಸಾಯನವಿಜ್ಞಾನಿ ಯೂರ್ಗ್ ಜಿಮ್ಮರ್‌ಮನ್ ಒಂದು ಅಣುವನ್ನು ಹಿಡಿದು ತಿದ್ದುತ್ತಾ ಹೋದರು. ಒಂದು ಕಡೆ ಪುಟ್ಟ ಮೀಥೈಲ್ ಗುಂಪು ಸೇರಿಸಿದಾಗ ಬೇಡದ ಕಿಣ್ವಕ್ಕೆ ಅಂಟುವ ಗುಣ ಹೋಯಿತು. ಇನ್ನೊಂದು ಕಡೆ ಪೈಪರಜೀನ್ ಎಂಬ ಭಾಗ ಸೇರಿಸಿದಾಗ ನೀರಿನಲ್ಲಿ ಕರಗಿತು, ಬಾಯಿಂದ ನುಂಗುವ ಮಾತ್ರೆ ಮಾಡುವ ದಾರಿ ತೆರೆಯಿತು.

ಇದನ್ನು ಸಿಎಂಎಲ್ ಮೇಲೆಯೇ ಪ್ರಯೋಗಿಸಬೇಕು ಎಂದು ಪಟ್ಟು ಹಿಡಿದವರು ವೈದ್ಯ ಬ್ರಯನ್ ಡ್ರೂಕರ್. ಬಾಸ್ಟನ್ನಿನ ಹೆಸರಾಂತ ಕ್ಯಾನ್ಸರ್ ಸಂಸ್ಥೆ ಬಿಟ್ಟು 1993ರಲ್ಲಿ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಹೋದರು. ಹೋದ ಕೂಡಲೇ ಲೈಡನ್‌ಗೆ ಫೋನು ಮಾಡಿ ಔಷಧದ ಮಾದರಿಗಳನ್ನು ತರಿಸಿಕೊಂಡರು. 1996ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ: ಬಟ್ಟಲಿನಲ್ಲಿ ಬೆಳೆದ ಸಿಎಂಎಲ್ ಜೀವಕೋಶಗಳ ಗುಂಪುಗಳಲ್ಲಿ ನೂರಕ್ಕೆ 92ರಿಂದ 98ರಷ್ಟು ಇಲ್ಲವಾಗಿದ್ದವು; ಆರೋಗ್ಯವಂತ ಜೀವಕೋಶಗಳು ಹಾಗೇ ಉಳಿದಿದ್ದವು. ಅದೇ ವರ್ಷ ಸೀಬಾ-ಗೈಗಿ ಮತ್ತು ಸ್ಯಾಂಡೋಜ್ ಕೂಡಿ ನೊವಾರ್ಟಿಸ್ ಆಯಿತು. ಅಮೆರಿಕದಲ್ಲೇ ವರ್ಷಕ್ಕೆ ಕೆಲವೇ ಸಾವಿರ ಮಂದಿಗೆ ಬರುವ ಕಾಯಿಲೆ, ಇದಕ್ಕೆ ಇಷ್ಟು ಹಣ ಸುರಿಯಬೇಕೆ ಎಂಬ ಪ್ರಶ್ನೆ ಕಂಪನಿಯೊಳಗೆ ಎದ್ದಿತ್ತು. ಡ್ರೂಕರ್ ಬೆನ್ನು ಬಿಡಲಿಲ್ಲ.

1998ರ ಜೂನ್‌ನಲ್ಲಿ ಮೊದಲ ರೋಗಿ ಮಾತ್ರೆ ನುಂಗಿದರು. ಡ್ರೂಕರ್ ಜೊತೆ ಲಾಸ್ ಏಂಜಲಿಸ್‌ನ ಚಾರ್ಲ್ಸ್ ಸಾಯರ್ಸ್, ಹ್ಯೂಸ್ಟನ್‌ನ ಮೊಶೆ ತಲ್ಪಾಜ್ ಇದ್ದರು. ಮೊದಲ ಹಂತದ ಪ್ರಯೋಗದಲ್ಲಿ ನೋಡುವುದು ಔಷಧ ಎಷ್ಟು ಸಹನೀಯ ಎಂಬುದನ್ನು ಮಾತ್ರ. ಗುಣದ ನಿರೀಕ್ಷೆ ಯಾರೂ ಇಟ್ಟುಕೊಳ್ಳುವುದಿಲ್ಲ. ಇಲ್ಲಿ ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ, ಇಂಟರ್‌ಫೆರಾನ್ ಫಲಿಸದೆ ಬಂದಿದ್ದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಮಾಮೂಲಿಗೆ ಬಂತು. ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಇಂಥ ಅಂಕಿ ಅದಕ್ಕೆ ಮುಂಚೆ ಕಂಡದ್ದು ತೀರಾ ಅಪರೂಪ.

ಸುದ್ದಿ ರೋಗಿಗಳ ನಡುವೆ ಹಬ್ಬಿತು. ಮಾತ್ರೆಗಳು ಸಾಲುತ್ತಿರಲಿಲ್ಲ. 1999ರಲ್ಲಿ ಕೆನಡಾದ ಒಬ್ಬ ಯುವ ರೋಗಿ ಮೂರು ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿ, ಉತ್ಪಾದನೆ ಹೆಚ್ಚಿಸಿ ಎಂದು ಕಂಪನಿಯ ಮುಖ್ಯಸ್ಥರಿಗೇ ಮನವಿ ಕಳಿಸಿದರು. ಉತ್ಪಾದನೆ ಹೆಚ್ಚಿತು. 2001ರ ಮೇ 10ರಂದು ಅಮೆರಿಕ ಮಂಜೂರಾತಿ ಕೊಟ್ಟಿತು. ಇಮಾಟಿನಿಬ್, ಮಾರುಕಟ್ಟೆಯಲ್ಲಿ ಅಮೆರಿಕಕ್ಕೆ ಗ್ಲೀವೆಕ್, ನಮಗೆ ಗ್ಲಿವೆಕ್. ಮುಂದೆ 1,106 ರೋಗಿಗಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ, ಈ ಮಾತ್ರೆಯಿಂದ ಚಿಕಿತ್ಸೆ ಶುರುಮಾಡಿದವರಲ್ಲಿ ಹತ್ತು ವರ್ಷ ಬದುಕಿದವರ ಪ್ರಮಾಣ ಶೇ 83.3.

ಕಥೆಯನ್ನು ಇಲ್ಲಿಗೇ ನಿಲ್ಲಿಸಿ ವಿಜ್ಞಾನದ ಗೆಲುವು ಎಂದು ಹೊಗಳುವವರುಂಟು. ನಾನು ಒಪ್ಪುವುದಿಲ್ಲ. ರೋಗಿಯ ಕೈಗೆಟುಕದ ಔಷಧ ಚಿಕಿತ್ಸೆಯಲ್ಲ. ಭಾರತದ ಮಟ್ಟಿಗೆ ಈ ಮಾತ್ರೆಯ ದಾರಿ ಇನ್ನೂ ಅರ್ಧವೇ ಸವೆದಿತ್ತು.

ನಮ್ಮಲ್ಲಿ ಸಿಎಂಎಲ್ ಬರುವುದು ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲಿ. ಅಲ್ಲಿ ನಿವೃತ್ತಿಯ ಆಸುಪಾಸಿನವರು, ಇಲ್ಲಿ ಮೂವತ್ತು ನಲವತ್ತರ, ಮನೆ ನಡೆಸುವ ವಯಸ್ಸಿನವರು. ಆ ದಿನಗಳಲ್ಲಿ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೇಕಿತ್ತು. ಭಾರತದ ಕಂಪನಿಗಳು ತಯಾರಿಸಿದ ಅದೇ ಔಷಧಕ್ಕೆ ಎಂಟರಿಂದ ಹತ್ತು ಸಾವಿರ. 2003ರ ಕೊನೆಗೆ ನೊವಾರ್ಟಿಸ್‌ಗೆ ಇಲ್ಲಿ ಏಕಸ್ವಾಮ್ಯ ಮಾರಾಟದ ಹಕ್ಕು ಸಿಕ್ಕಿ, ಕೆಲವು ದೇಶಿ ಕಂಪನಿಗಳು ತಯಾರಿಕೆ ನಿಲ್ಲಿಸಬೇಕಾಯಿತು. 2002ರಿಂದ ಕಂಪನಿ ಒಂದು ಉಚಿತ ವಿತರಣಾ ಯೋಜನೆ ನಡೆಸಿ ಸಾವಿರಾರು ಭಾರತೀಯರಿಗೆ ಮಾತ್ರೆ ಕೊಟ್ಟದ್ದೂ ನಿಜ, ಅದನ್ನು ಮರೆಯಬಾರದು. ಆದರೆ ಒಂದು ಕಾಯಿಲೆಯ ಚಿಕಿತ್ಸೆ ಕಂಪನಿಯ ಔದಾರ್ಯದ ಮೇಲೆ ನಿಲ್ಲಬಾರದು.

ಮುಂಬೈನ ಕ್ಯಾನ್ಸರ್ ಪೇಶೆಂಟ್ಸ್ ಏಡ್ ಅಸೋಸಿಯೇಷನ್ ಮತ್ತು ದೇಶಿ ಔಷಧ ಕಂಪನಿಗಳು ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ವಿರೋಧಿಸಿದವು. 2006ರ ಜನವರಿಯಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತು. ವ್ಯಾಜ್ಯವೆಲ್ಲ ನಿಂತದ್ದು 2005ರಲ್ಲಿ ತಿದ್ದುಪಡಿಯಾದ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಮೇಲೆ: ಗೊತ್ತಿರುವ ಪದಾರ್ಥದ ಹೊಸ ರೂಪಕ್ಕೆ, ಅದರ ಪರಿಣಾಮ ಹೆಚ್ಚದ ಹೊರತು, ಪೇಟೆಂಟ್ ಇಲ್ಲ. ಕಂಪನಿ ಪೇಟೆಂಟ್ ಕೇಳಿದ್ದು ಇಮಾಟಿನಿಬ್ ಲವಣದ ಬೀಟಾ ಎಂಬ ಹರಳಿನ ರೂಪಕ್ಕೆ. ಈ ಹರಳು ತೇವ ಹೀರುವುದು ಕಡಿಮೆ, ಕೆಡದೆ ಉಳಿಯುತ್ತದೆ, ದೇಹಕ್ಕೆ ಶೇ 30ರಷ್ಟು ಹೆಚ್ಚು ಸೇರುತ್ತದೆ ಎಂಬುದು ಅದರ ವಾದ. ವ್ಯಾಜ್ಯ ಮೇಲಿನ ಹಂತಗಳಿಗೆ ಹೋಗಿ, 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಿತ್ತರು. ಔಷಧದ ವಿಷಯದಲ್ಲಿ ಪರಿಣಾಮ ಎಂದರೆ ಕಾಯಿಲೆ ವಾಸಿ ಮಾಡುವ ಪರಿಣಾಮ, ಅದು ಹೆಚ್ಚಿದ್ದಕ್ಕೆ ಪುರಾವೆ ಇಲ್ಲ, ಪೇಟೆಂಟ್ ಇಲ್ಲ.

ಅದೇ ತಿಂಗಳು ಇನ್ನೊಂದು ದನಿ ಎದ್ದಿತು, ಈ ಸಲ ವೈದ್ಯರದ್ದು. ಹದಿನೈದಕ್ಕೂ ಹೆಚ್ಚು ದೇಶಗಳ ನೂರಕ್ಕೂ ಮಿಕ್ಕ ಸಿಎಂಎಲ್ ತಜ್ಞರು ‘ಬ್ಲಡ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಟ್ಟಾಗಿ ಬರೆದರು. ಅಮೆರಿಕದಲ್ಲಿ ಇಮಾಟಿನಿಬ್ ಬೆಲೆ 2001ರಲ್ಲಿ ವರ್ಷಕ್ಕೆ ಸುಮಾರು 30,000 ಡಾಲರ್ ಇದ್ದದ್ದು 2012ಕ್ಕೆ 92,000 ಡಾಲರ್ ಆಗಿತ್ತು. ಈ ಬೆಲೆ ಸಮರ್ಥನೀಯವಲ್ಲ, ರೋಗಿಗಳಿಗೆ ಹಾನಿ ಮಾಡುತ್ತಿದೆ ಎಂಬುದು ಅವರ ನಿಲುವು. ಸಂಶೋಧನೆಗೆ ಇದೇ ಕಂಪನಿಗಳಿಂದ ನೆರವು ಪಡೆಯುತ್ತಿದ್ದವರೂ ಅವರಲ್ಲಿದ್ದರು. ಕ್ಯಾನ್ಸರ್ ತಜ್ಞರು ಬೆಲೆಯ ಮಾತನ್ನು ಚಿಕಿತ್ಸೆಯ ಮಾತೆಂದೇ ಎತ್ತಿಕೊಂಡ ಈ ಬರಹವನ್ನು ನಾನು ಆ ಹೊಸ ಮಾತ್ರೆಯಷ್ಟೇ ಮುಖ್ಯ ಎಂದು ತಿಳಿಯುತ್ತೇನೆ. 2016ರಲ್ಲಿ ಅಮೆರಿಕದ ಮಾರುಕಟ್ಟೆಗೆ ಮೊದಲ ಜೆನೆರಿಕ್ ಇಮಾಟಿನಿಬ್ ಇಳಿಸಿದ್ದು ಭಾರತದ ಸನ್ ಫಾರ್ಮಾ.

ಇಂದು ಬೆಂಗಳೂರಿನ ಕಿದ್ವಾಯಿ ಸೇರಿ ನಮ್ಮ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸಿಎಂಎಲ್‌ಗೆ ಇಮಾಟಿನಿಬ್ ಮಾಮೂಲಿ ಔಷಧ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ 2015ರಿಂದ ಇದೆ. ಕೆಲವರಲ್ಲಿ ಕಿಣ್ವದ ಆಕಾರವೇ ಬದಲಾಗಿ ಮಾತ್ರೆ ನಾಟುವುದಿಲ್ಲ. ಅವರಿಗೆ ಡಾಸಾಟಿನಿಬ್, ನಿಲೊಟಿನಿಬ್‌ನಂಥ ಮುಂದಿನ ಔಷಧಗಳಿವೆ.

ಈಗ ಉಳಿದಿರುವ ತೊಂದರೆ ಬೇರೆ. ಸುಸ್ತು ಹೋಗಿ, ಎಣಿಕೆ ಸರಿಹೋಗಿ, ಹೊಲ-ಕೆಲಸಕ್ಕೆ ಮರಳಿದ ಮೇಲೆ ಮಾತ್ರೆ ಯಾಕೆ ಎಂದು ಬಿಡುವವರಿದ್ದಾರೆ. ಲಂಡನ್‌ನ ವೈದ್ಯರು 87 ರೋಗಿಗಳ ಮಾತ್ರೆ ಬಾಟಲಿಯ ಮುಚ್ಚಳದಲ್ಲಿ ಪುಟ್ಟ ಚಿಪ್ ಇಟ್ಟು ಗಮನಿಸಿದಾಗ, ಹತ್ತರಲ್ಲಿ ಎಂಟು ಅಥವಾ ಅದಕ್ಕೂ ಕಡಿಮೆ ಮಾತ್ರೆ ನುಂಗಿದವರಲ್ಲಿ ಒಬ್ಬರಿಗೂ ರೋಗ ಬೇಕಾದ ಮಟ್ಟಕ್ಕೆ ಇಳಿಯಲಿಲ್ಲ. ಕನಿಷ್ಠ ಎರಡು ವರ್ಷ ರೋಗದ ಸುಳಿವೇ ಸಿಗದಿದ್ದವರು ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ನೋಡಿದ ಫ್ರಾನ್ಸಿನ ಅಧ್ಯಯನದಲ್ಲೂ ವರ್ಷದ ಬಳಿಕ ರೋಗಮುಕ್ತರಾಗಿ ಉಳಿದವರು ಹತ್ತರಲ್ಲಿ ನಾಲ್ವರು ಮಾತ್ರ. ಉಳಿದವರಿಗೆ ಮತ್ತೆ ಮಾತ್ರೆ ಬೇಕಾಯಿತು.

ನಿಮ್ಮ ಮನೆಯಲ್ಲಿ ಯಾರಾದರೂ ಇಮಾಟಿನಿಬ್ ತೆಗೆದುಕೊಳ್ಳುತ್ತಿದ್ದರೆ, ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ, ದಿನವೂ ಅದೇ ಹೊತ್ತಿಗೆ ನುಂಗಲಿ. ಕಣ್ಣಿನ ಸುತ್ತ ಊತ, ಸ್ನಾಯು ಹಿಡಿತ, ವಾಕರಿಕೆ ಬಂದರೆ ಬಿಡುವುದಲ್ಲ, ವೈದ್ಯರಿಗೆ ಹೇಳಬೇಕು. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಮೊದಲೇ ಹೇಳಬೇಕು. ಬರೆದುಕೊಟ್ಟ ದಿನಕ್ಕೆ, ರೋಗದ ಮಟ್ಟ ಅಳೆಯುವ ಪಿಸಿಆರ್ ರಕ್ತಪರೀಕ್ಷೆ ತಪ್ಪಿಸಬೇಡಿ. ಡಬ್ಬಿ ಖಾಲಿಯಾಗುವ ಮುಂಚೆಯೇ ಮುಂದಿನ ತಿಂಗಳಿನ ಮಾತ್ರೆ ತಂದಿಟ್ಟುಕೊಳ್ಳಿ.