ಬೀಡಿ ಕಟ್ಟು, ಬಣ್ಣದ ಪೊಟ್ಟಣ: ಒಮ್ಮೆ ಲೆಕ್ಕ ಹಾಕಿ ನೋಡಿ



ಗಿಡಕ್ಕೆ ಹೇನು ಹತ್ತಿದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂಬುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹೊಗೆಸೊಪ್ಪನ್ನು ನೀರಿನಲ್ಲಿ ನೆನೆಹಾಕಿ, ಸೋಸಿ, ಸೋಪಿನ ನೀರು ಬೆರೆಸಿ ಸಿಂಪಡಿಸುತ್ತಿದ್ದರು. ಹೇನನ್ನು ಕೊಲ್ಲುತ್ತಿದ್ದುದು ಆ ಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಿಷ. ಅದೇ ವಸ್ತುವನ್ನು ನಾವು ಬೀಡಿಯ ಹೊಗೆಯಲ್ಲಿ ದಿನಕ್ಕೆ ಹತ್ತಾರು ಸಲ ಒಳಕ್ಕೆ ಎಳೆದುಕೊಳ್ಳುತ್ತೇವೆ.

ಪಿರಿಯಾಪಟ್ಟಣ, ಹುಣಸೂರು ಕಡೆ ತಂಬಾಕು ಬೆಳೆಯುವವರಿಗೆ ಇದರ ಅನುಭವ ಇನ್ನೊಂದು ಬಗೆಯಲ್ಲಿ ಆಗಬಹುದು. ಮಳೆಯಲ್ಲೋ ಇಬ್ಬನಿಯಲ್ಲೋ ಒದ್ದೆಯಾದ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ತಲೆನೋವು ಬರುತ್ತವೆ. ಎಲೆ ಒಣಗಿದ ಮೇಲೆ ಮುರಿಯುವುದು, ಕೈಗವಸು ಮತ್ತು ತೋಳು ಮುಚ್ಚುವ ಅಂಗಿ ತೊಡುವುದು, ಕೆಲಸ ಮುಗಿದೊಡನೆ ಸೋಪು ಹಚ್ಚಿ ಮೈ ತೊಳೆಯುವುದು ಒಳ್ಳೆಯದು.

ಬೀಡಿ ಸೌಮ್ಯವಲ್ಲ

"ಸಿಗರೇಟು ಕೆಟ್ಟದ್ದು, ಬೀಡಿಯಿಂದ ಏನಾಗುತ್ತದೆ?" ಎಂದು ಕೇಳುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ. ಆದರೆ ಬೀಡಿ ಬೇಗ ಆರಿಹೋಗುತ್ತದೆ. ಅದಕ್ಕಾಗಿ ಮತ್ತೆ ಮತ್ತೆ, ಬಲವಾಗಿ ದಮ್ಮು ಎಳೆಯಬೇಕಾಗುತ್ತದೆ. ಹೀಗಾಗಿ ಟಾರು ಮತ್ತು ವಿಷಗಾಳಿ ಶ್ವಾಸಕೋಶದ ಆಳಕ್ಕೆ ಹೋಗುತ್ತವೆ. ನಿಕೋಟಿನ್ ಚಟ ಹಿಡಿಸುತ್ತದೆ. ಹೊಗೆಯಲ್ಲಿನ ಇತರ ವಸ್ತುಗಳು ಕ್ಯಾನ್ಸರ್, ಹೃದಯಾಘಾತ, ತೀರದ ಕೆಮ್ಮು ದಮ್ಮು ತರುತ್ತವೆ. ಮನೆಯೊಳಗೆ ಸೇದಿದರೆ ಆ ಹೊಗೆ ಮಕ್ಕಳಿಗೂ ಗರ್ಭಿಣಿಗೂ ತಾಗುತ್ತದೆ.

ಬೀಡಿ ಬಿಟ್ಟು ಕಡ್ಡಿಪುಡಿಗೋ ಗುಟ್ಕಾಕ್ಕೋ ತಿರುಗಿದರೆ ಲಾಭವಿಲ್ಲ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ನಿಷೇಧಿಸಲಾಯಿತು. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಬಾಯಿ ತೆರೆಯಲು ಕಷ್ಟವಾದರೆ ಸುಗ್ಗಿ ಮುಗಿಯಲಿ ಎಂದು ಕಾಯಬೇಡಿ. ಕೂಡಲೇ ವೈದ್ಯರಿಗೆ ತೋರಿಸಿ. ಬಾಯಿಯ ಕ್ಯಾನ್ಸರನ್ನು ಮೊದಲೇ ಕಂಡುಹಿಡಿದರೆ ಗುಣಪಡಿಸುವ ಸಾಧ್ಯತೆ ಹೆಚ್ಚು.

ಚೀಲ ಓದುವವರು ಪೊಟ್ಟಣವನ್ನೂ ಓದಿ

ಗೊಬ್ಬರ ಕೊಳ್ಳುವಾಗ ಚೀಲದ ಮೇಲೆ 17:17:17 ಎಂದು ಬರೆದಿದೆಯೇ ಎಂದು ನೋಡಿಯೇ ದುಡ್ಡು ಕೊಡುತ್ತೀರಿ. ಮಗುವಿನ ಕೈಗೆ ಕೊಡುವ ತಿಂಡಿಯ ಪೊಟ್ಟಣದ ಹಿಂಬದಿಯನ್ನು ಎಂದಾದರೂ ಓದಿದ್ದೀರಾ? ನಿಮಗೆ ಕಾಣದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಯಾವ ವಸ್ತು ತೂಕದಲ್ಲಿ ಹೆಚ್ಚಿದೆಯೋ ಅದರ ಹೆಸರು ಮೊದಲು ಇರಬೇಕೆಂಬುದು ನಿಯಮ. ಸಾಮಾನ್ಯ ಬಿಸ್ಕತ್ತಿನಲ್ಲಿ ಮೊದಲು ಕಾಣುವುದು ಮೈದಾ, ಸಕ್ಕರೆ, ತಾಳೆ ಎಣ್ಣೆ. ಖಾರದ ತಿಂಡಿಯಲ್ಲಿ ಎಣ್ಣೆಯ ಜೊತೆಗೆ ಉಪ್ಪು.

ದೊಡ್ಡವರಿಗೆ ದಿನವೊಂದಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಉಪ್ಪಿನಕಾಯಿ, ಹಪ್ಪಳದಲ್ಲೇ ಅಷ್ಟು ಮುಗಿಯುತ್ತದೆ. ಅದರ ಮೇಲೆ ಪೊಟ್ಟಣದ ಉಪ್ಪು ಸೇರಿದರೆ ರಕ್ತದೊತ್ತಡ ಏರುತ್ತದೆ. ಅದು ಏರಿದ್ದು ಅನೇಕರಿಗೆ ಗೊತ್ತೇ ಆಗುವುದಿಲ್ಲ. ಬೀಡಿ ಸೇದುವವರಿಗೆ ಇದೂ ಕೂಡಿದರೆ ಹೃದಯಕ್ಕೆ ಇಮ್ಮಡಿ ಹೊರೆ.

ಇನ್ನೊಂದು ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಇಂಥ ರಾಗಿಯನ್ನು ಸಂತೆಗೆ ಹಾಕಿ, ಬಂದ ದುಡ್ಡಿನಲ್ಲಿ ಮಕ್ಕಳಿಗೆ ಮೈದಾ ಕೊಂಡು ತರುವುದು ಯಾವ ವ್ಯಾಪಾರ?

ಏನು ಮಾಡಬಹುದು?

ತಂಬಾಕು ಬಿಡಲು ಒಂದು ದಿನ ಗೊತ್ತುಮಾಡಿ, ಮನೆಯವರಿಗೆ ತಿಳಿಸಿ. ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು ಇದ್ದದ್ದೇ. ಕೆಲವು ವಾರಗಳಲ್ಲಿ ತಗ್ಗುತ್ತದೆ. ಚಟ ಎದ್ದಾಗ ನೀರು ಕುಡಿಯಿರಿ, ಸೋಂಪು ಅಗಿಯಿರಿ. ಒಂದು ಸಲ ತಪ್ಪಿದರೆ ಮತ್ತೆ ಬಿಡಿ. 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ಸಿಗುತ್ತದೆ. ಬಿಟ್ಟು ಒಂದು ವರ್ಷವಾದರೆ, ಸೇದುವುದರಿಂದ ಬಂದ ಹೃದ್ರೋಗದ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಐವತ್ತು ದಾಟಿದವರಿಗೂ ತಡವಾಗಿಲ್ಲ.

ತಿಂಡಿಗೆ ಹುರಿದ ಕಡಲೆಕಾಯಿ ಬೀಜ, ಹುರಿಗಾಳು, ರಾಗಿ ಹುರಿಹಿಟ್ಟು, ಹಿತ್ತಲ ಸೀಬೆ, ಬಾಳೆಹಣ್ಣು ಇರಲಿ. ಅಂಗಡಿಯ ಪೊಟ್ಟಣ ಹಬ್ಬಕ್ಕೊಮ್ಮೆ ಸಾಕು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿ.

ಬೀಡಿಗೂ ಪೊಟ್ಟಣಕ್ಕೂ ಸೇರಿ ದಿನಕ್ಕೆ 30 ರೂಪಾಯಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 10,950 ರೂಪಾಯಿ. ಬಿತ್ತನೆ ಬೀಜಕ್ಕೆ ಸಾಲ ಕೇಳುವ ಮೊದಲು ಈ ಲೆಕ್ಕವನ್ನು ಮನೆಯಲ್ಲಿ ಎಲ್ಲರೂ ಕುಳಿತು ಮಾಡಿ. ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ ಆಗುವ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಆ ಮಾತು ನಮ್ಮ ಮನೆಯಿಂದಲೇ ಮೊದಲಾಗಲಿ.